ಉಣುಗಿನಲ್ಲಿ ಸಿಕ್ಕಿದ್ದೆಲ್ಲ ರೋಗವಲ್ಲ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯೆಯ ಉತ್ತರ

ಕಾಫಿ ಕೊಯ್ಲು ಶುರುವಾದೊಡನೆ ಈ ಅಂಕಣಕ್ಕೆ ಉಣುಗಿನ ಪತ್ರಗಳು ಬರತೊಡಗುತ್ತವೆ. ಈ ಸಲ ಪತ್ರಗಳ ಧಾಟಿಯೇ ಬೇರೆ. ಉಣುಗಿನಲ್ಲಿ ಹೊಸ ಹೊಸ ಬ್ಯಾಕ್ಟೀರಿಯಾಗಳು ಪತ್ತೆಯಾಗುತ್ತಿವೆ ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ಓದಿದವರು ಹಲವರು. ಒಂದೇ ಆತಂಕವನ್ನು ತಮ್ಮ ತಮ್ಮ ಮಾತಿನಲ್ಲಿ ಬರೆದಿದ್ದಾರೆ. ಮೊದಲು ಕೊಡಗಿನ ಕೊಟ್ಟಿಗೆಗಳಲ್ಲಿ, ಆಮೇಲೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ದುಡಿದು, ನಿವೃತ್ತಿಯ ಬಳಿಕ ನಾಪೋಕ್ಲು ಬಳಿಯ ತೋಟದ ಮನೆಗೆ ಮರಳಿದವಳು ನಾನು. ಇದು ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ. ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಡಾಕ್ಟರೇ, ಹೊಸ ಬ್ಯಾಕ್ಟೀರಿಯಾ ಎಂದರೆ ಈಗಷ್ಟೇ ಹುಟ್ಟಿಕೊಂಡದ್ದೇ? ನಮ್ಮ ಅಜ್ಜನ ಕಾಲದಲ್ಲೂ ದನಗಳ ಮೈತುಂಬ ಉಣುಗು ಇತ್ತು, ಯಾರೂ ಇಷ್ಟು ಹೆದರಿದ್ದು ಕಾಣೆ. ಹೊಸದು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?
*ಕಾಫಿ ಬೆಳೆಗಾರರು, ಸುಂಟಿಕೊಪ್ಪ*

ಅವು ಹೊಸದಾಗಿ ಹುಟ್ಟಿದ್ದಲ್ಲ. ನಿಮ್ಮ ಅಜ್ಜನ ಕಾಲದ ಉಣುಗಿನಲ್ಲೂ ಇದ್ದಿರಬಹುದು, ಅವರ ಅಜ್ಜನ ಕಾಲದಲ್ಲೂ ಇದ್ದಿರಬಹುದು. ಗುರುತು ಹಿಡಿಯುವ ದಾರಿ ನಮಗೆ ಈಚೆಗೆ ಸಿಕ್ಕಿದೆ, ಅಷ್ಟೇ.

ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ರಿಕೆಟ್ಸಿಯಾ ಪಾರ್ಕೆರಿಯದು. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದನಗಳ ಮೈಮೇಲಿನ ಉಣುಗಿನಿಂದ ರಾಲ್ಫ್ ಪಾರ್ಕರ್ ಎಂಬ ವಿಜ್ಞಾನಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಗಿನಿಯಿಲಿಗಳಿಗೆ ಚುಚ್ಚಿ ನೋಡಿದಾಗ ಸೌಮ್ಯವಾದ ಜ್ವರ ಬಂತು. ಮನುಷ್ಯರಿಗೂ ಇದರಿಂದ ಕಾಯಿಲೆ ಬರುತ್ತದೆ ಎಂದು ಖಚಿತವಾದ ಮೊದಲ ವರದಿ ಬಂದದ್ದು 2004ರಲ್ಲಿ! ಅರುವತ್ತಕ್ಕೂ ಹೆಚ್ಚು ವರ್ಷ ಅದು ಉಣುಗಿನ ಬ್ಯಾಕ್ಟೀರಿಯಾ ಎಂದಷ್ಟೇ ದಾಖಲೆಯಲ್ಲಿತ್ತು. ಆ ನಡುವೆ ಅದರಿಂದ ಜ್ವರ ಬಂದವರಿಗೆ ಇನ್ನೊಂದು ರಿಕೆಟ್ಸಿಯಾ ತರುವ ರಾಕಿ ಪರ್ವತದ ಚುಕ್ಕೆಜ್ವರವೆಂದೇ ಹೆಸರು ಹಚ್ಚಿರುವ ಸಾಧ್ಯತೆ ಹೆಚ್ಚು. ಏಕೆಂದರೆ ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡುವ ಪರೀಕ್ಷೆ ಹತ್ತಿರದ ಸಂಬಂಧಿಗಳಾದ ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ.

ಹೊಸದೆಂದು ಹೇಳುವುದು ಹೇಗೆ ಎಂದು ಕೇಳಿದ್ದೀರಿ. ಮೊದಲೆಲ್ಲ ಸೂಕ್ಷ್ಮದರ್ಶಕವೇ ಗತಿ. ಸೋತು ಮಲಗಿದ ಹಸುವಿನ ಕಿವಿಯ ತುದಿಯನ್ನು ಸೂಜಿಯಿಂದ ಚುಚ್ಚಿ, ಬಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಜೀಮ್ಸಾ ಬಣ್ಣದಲ್ಲಿ ಅದ್ದಿ ನೋಡುತ್ತಿದ್ದೆವು. ಕೆಂಪು ರಕ್ತಕಣದ ಅಂಚಿನಲ್ಲಿ ಒಂದು ಕಡುನೇರಳೆ ಚುಕ್ಕಿ ಕಂಡರೆ ಅದು ಅನಾಪ್ಲಾಸ್ಮಾ ಮಾರ್ಜಿನೇಲ್ ಎಂಬ ಬ್ಯಾಕ್ಟೀರಿಯಾ. 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆರ್ನಾಲ್ಡ್ ಥೈಲರ್ ಅದನ್ನು ಗುರುತಿಸಿದ್ದೂ ಇದೇ ರೀತಿಯಲ್ಲಿ. ಆದರೆ ಚುಕ್ಕಿಗೆ ಚುಕ್ಕಿ ಒಂದೇ ಥರ ಕಾಣುವಾಗ ಜಾತಿಯನ್ನು ಹೇಳುವುದು ಹೇಗೆ? ಇವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳು ಜೀವಂತ ಜೀವಕೋಶದ ಒಳಗಲ್ಲದೆ ಬೆಳೆಯುವುದೂ ಇಲ್ಲ. ಮಾಮೂಲಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ನೋಡುತ್ತೇವೆಂದರೆ ಏನೂ ಸಿಗದು.

ಈಗ ಡಿಎನ್ಎ ಓದುತ್ತೇವೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಜೀನ್ ಸುಮಾರು 1,500 ಅಕ್ಷರಗಳಷ್ಟು ಉದ್ದ. ಈಗಾಗಲೇ ತಿಳಿದ ಜಾತಿಗಳ ಜೊತೆ ಅದನ್ನು ಹೋಲಿಸಿದಾಗ ಶೇಕಡ 98.7ಕ್ಕಿಂತ ಕಡಿಮೆ ಹೊಂದಿಕೆ ಬಂದರೆ ಬೇರೆ ಜಾತಿ ಇರಬೇಕೆಂದು ಅನುಮಾನಿಸುತ್ತೇವೆ. ರಿಕೆಟ್ಸಿಯಾಗಳಲ್ಲಿ ಈ ಒಂದು ಅಳತೆ ಸಾಲದು, ಆ ಕುಟುಂಬದವರ 16ಎಸ್ ಎಲ್ಲ ಬಹುತೇಕ ಒಂದೇ. ಅವುಗಳಿಗಾಗಿ ಇನ್ನೂ ನಾಲ್ಕಾರು ಜೀನ್‌ಗಳನ್ನು ಓದಿ ತಾಳೆ ನೋಡಬೇಕು.

ಕೆಲವೊಮ್ಮೆ ಸುಳಿವು ಬೇರೊಂದು ಪರೀಕ್ಷೆಯ ನಡುವೆ ಸಿಗುತ್ತದೆ. ಉಣುಗಿನಿಂದ ಬರುವ ಲೈಮ್ ಕಾಯಿಲೆಗೆ ಕಾರಣವಾದ ಬೊರೇಲಿಯಾ ಬರ್ಗ್‌ಡಾರ್ಫೆರಿ ಬ್ಯಾಕ್ಟೀರಿಯಾವನ್ನು ಹುಡುಕಲು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ದಿನವೂ ಪಿಸಿಆರ್, ಅಂದರೆ ಡಿಎನ್ಎಯ ಚೂರನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆ, ನಡೆಯುತ್ತದೆ. ಅದರ ಕೊನೆಯ ಹಂತದಲ್ಲಿ ಡಿಎನ್ಎಯ ಎರಡು ಎಳೆಗಳು ಯಾವ ಉಷ್ಣತೆಯಲ್ಲಿ ಬಿಡಿಸಿಕೊಳ್ಳುತ್ತವೆ ಎಂದು ಯಂತ್ರ ದಾಖಲಿಸುತ್ತದೆ. 2012ರಿಂದ 2014ರವರೆಗೆ ಮಿನೆಸೋಟ, ವಿಸ್ಕಾನ್ಸಿನ್, ಉತ್ತರ ಡಕೋಟಗಳಿಂದ ಬಂದ ಸುಮಾರು 9,000 ಮಾದರಿಗಳಲ್ಲಿ ಆರು ಮಾದರಿಗಳ ಉಷ್ಣತೆ ಎಂದಿನಂತಿರಲಿಲ್ಲ. ಯಂತ್ರದ ದೋಷವೆಂದು ಕೈಬಿಡದೆ ಅವರು ಆ ಆರನ್ನು ಬೆನ್ನತ್ತಿದರು. ಅದೇ ಬೊರೇಲಿಯಾ ಮೇಯೋನಿ. 2016ರಲ್ಲಿ ಜಗತ್ತಿಗೆ ತಿಳಿಯಿತು. ಪ್ರಯೋಗಾಲಯದ ತಂತ್ರಜ್ಞರ ಮೇಲೆ ನನಗಿರುವ ಗೌರವಕ್ಕೆ ಇಂಥ ಸಂಗತಿಗಳೇ ಕಾರಣ. ಒಂದು ಅಂಕಿ ಸ್ವಲ್ಪ ವಾಲಿದ್ದನ್ನು ಕಂಡು ಅಲ್ಲಿಯೇ ನಿಂತು ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಮುಖ್ಯ ಮಾತು, ನಿಮ್ಮ ಹೆದರಿಕೆಗೆ ನೇರವಾಗಿ ಸಂಬಂಧಿಸಿದ್ದು. ಉಣುಗಿನೊಳಗೆ ಬ್ಯಾಕ್ಟೀರಿಯಾ ಸಿಕ್ಕ ಮಾತ್ರಕ್ಕೆ ಅದು ರೋಗಾಣುವಾಗುವುದಿಲ್ಲ. ಉಣುಗಿಗೆ ಜೀವಮಾನವೆಲ್ಲ ರಕ್ತವೊಂದೇ ಆಹಾರ. ರಕ್ತದಲ್ಲಿ ಬಿ ಗುಂಪಿನ ಜೀವಸತ್ವಗಳು ಬಹಳ ಕಡಿಮೆ. ಆ ಕೊರತೆಯನ್ನು ತುಂಬಿಕೊಡುವ ಬ್ಯಾಕ್ಟೀರಿಯಾಗಳು ಉಣುಗಿನ ಮೈಯೊಳಗೇ ವಾಸವಾಗಿದ್ದು ತಾಯಿಯಿಂದ ಮೊಟ್ಟೆಗೆ ದಾಟುತ್ತವೆ. ಅವುಗಳಲ್ಲಿ ಕೆಲವು ಕಾಕ್ಸಿಯೆಲ್ಲಾ ಜಾತಿಗೆ ಹತ್ತಿರದವು. ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ಬರ್ನೆಟಿಯೂ ಅದೇ ಬಳಗದ್ದು. ಹೀಗಾಗಿ ಉಣುಗಿನಲ್ಲಿ ಕಾಕ್ಸಿಯೆಲ್ಲಾ ಎಂಬ ಶೀರ್ಷಿಕೆ ನೋಡಿದೊಡನೆ ಹೌಹಾರಬೇಡಿ. ಅದು ಉಣುಗಿಗೆ ಅನ್ನ ಹಾಕುವ ಬ್ಯಾಕ್ಟೀರಿಯಾ ಆಗಿರಬಹುದು. ಅದರಿಂದ ನಿಮಗಾಗಲಿ ದನಕ್ಕಾಗಲಿ ಏನೂ ಆಗದಿರಬಹುದು.

ಮೇಡಂ, ಹಸುವಿನ ಮೈಮೇಲಿದ್ದ ಉಣುಗಿನಲ್ಲಿ ಒಂದು ಬ್ಯಾಕ್ಟೀರಿಯಾದ ಡಿಎನ್ಎ ಸಿಕ್ಕರೆ ಹಸುವೇ ಅದರ ಆಶ್ರಯ ಪ್ರಾಣಿ ಎಂದು ಬರೆಯಬಹುದೇ? ನಮ್ಮ ಗುಂಪಿನಲ್ಲಿ ಇದರ ಬಗ್ಗೆ ವಾದ ನಡೆದಿದೆ.
*ಅರಣ್ಯಶಾಸ್ತ್ರ ವಿದ್ಯಾರ್ಥಿ, ಪೊನ್ನಂಪೇಟೆ*

ಬರೆಯಬೇಡಿ. ದಯವಿಟ್ಟು ಬರೆಯಬೇಡಿ. ಆಶ್ರಯ ಪ್ರಾಣಿ ಎಂದರೆ ಬ್ಯಾಕ್ಟೀರಿಯಾವನ್ನು ತನ್ನ ಮೈಯಲ್ಲಿ ಉಳಿಸಿಕೊಂಡು ಉಣುಗಿಗೆ ದಾಟಿಸುವ ಪ್ರಾಣಿ. ಈ ಒಂದು ಅವಸರದಿಂದ ಎಷ್ಟೋ ಪ್ರಬಂಧಗಳು ಕೆಟ್ಟಿವೆ.

ಮೊದಲು ಅದು ಯಾವ ಉಣುಗು ಎಂದು ಖಚಿತ ಮಾಡಿಕೊಳ್ಳಿ. ನಮ್ಮ ಕೊಟ್ಟಿಗೆಗಳಲ್ಲಿ ಸಾಮಾನ್ಯವಾದ ರೈಪಿಸೆಫಾಲಸ್ ಮೈಕ್ರೋಪ್ಲಸ್ ಮರಿಯಾಗಿ ಹಸುವಿನ ಮೈಯೇರಿದರೆ ಅದೇ ಹಸುವಿನ ಮೇಲೆ ಎರಡು ಸಲ ಪೊರೆ ಕಳಚಿ, ಸುಮಾರು ಮೂರು ವಾರದ ಬಳಿಕ ರಕ್ತ ತುಂಬಿಕೊಂಡ ಹೆಣ್ಣಾಗಿ ಕೆಳಗೆ ಬೀಳುತ್ತದೆ. ಕಾಡಿನಂಚಿನ ಹೀಮಾಫೈಸಾಲಿಸ್ ಉಣುಗುಗಳ ರೀತಿ ಬೇರೆ. ಆರು ಕಾಲಿನ ಮರಿ ಒಂದು ಪ್ರಾಣಿಯ ರಕ್ತ ಹೀರಿ ನೆಲಕ್ಕೆ ಬಿದ್ದು, ಪೊರೆ ಬಿಟ್ಟು ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಇನ್ನೊಂದು ಪ್ರಾಣಿಯನ್ನು ಹಿಡಿಯುತ್ತದೆ. ಅದೂ ಬಿದ್ದು ಪ್ರಾಯಕ್ಕೆ ಬಂದ ಮೇಲೆ ಮೂರನೆಯದನ್ನು. ನಿಮ್ಮ ಬಾಣೆಯಲ್ಲಿ ಮೇಯುವ ಹಸುವಿನ ಮೇಲೆ ಈ ಹೊತ್ತು ಸಿಕ್ಕ ಉಣುಗು ಹೋದ ವರ್ಷ ಸುಂಡಿಲಿಯ ಮೇಲೆ, ಆಮೇಲೆ ಕಾಡುಕೋಳಿಯ ಮೇಲೆ ಇದ್ದಿರಬಹುದು. ಬ್ಯಾಕ್ಟೀರಿಯಾ ಬಂದದ್ದು ಆ ಮೂರರಲ್ಲಿ ಯಾವುದರಿಂದ? ಹಸುವನ್ನು ನೋಡಿದರೆ ಉತ್ತರ ಸಿಗುವುದಿಲ್ಲ.

ಬ್ಯಾಕ್ಟೀರಿಯಾದ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ರಿಕೆಟ್ಸಿಯಾಗಳಲ್ಲಿ ಹಲವು ತಾಯಿ ಉಣುಗಿನಿಂದ ಮೊಟ್ಟೆಗೆ ಇಳಿಯುತ್ತವೆ. ಅಲ್ಲಿ ಉಣುಗೇ ಆಶ್ರಯ, ಪ್ರಾಣಿ ಬರಿಯ ಊಟದ ಎಲೆ. ಎರ್ಲಿಕಿಯಾ, ಅನಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗಳು ಹಾಗೆ ಮೊಟ್ಟೆಗೆ ದಾಟುವುದಿಲ್ಲ. ಪ್ರತಿ ಪೀಳಿಗೆಯ ಮರಿಯೂ ಸೋಂಕು ತಗಲಿದ ಪ್ರಾಣಿಯಿಂದಲೇ ಹೊಸದಾಗಿ ಅವನ್ನು ಪಡೆಯಬೇಕು. ಆದ್ದರಿಂದ ಅವುಗಳ ವಿಷಯದಲ್ಲಿ ಎಲ್ಲೋ ಒಂದು ಬೆನ್ನೆಲುಬಿನ ಪ್ರಾಣಿ ಇದ್ದೇ ಇರಬೇಕು. ಹುಡುಕಾಟ ಶುರುವಾಗುವ ಮೊದಲು ಇದನ್ನು ತಿಳಿದಿದ್ದರೆ ಅರ್ಧ ಶ್ರಮ ಉಳಿಯುತ್ತದೆ.

ಉಣುಗನ್ನು ಸಾಕುವ ಪ್ರಾಣಿ ಬೇರೆ, ರೋಗಾಣುವನ್ನು ಸಾಕುವ ಪ್ರಾಣಿ ಬೇರೆ. ನಮ್ಮ ನಾಡಿನ ಮಂಗನ ಕಾಯಿಲೆಯೇ ಇದಕ್ಕೆ ಸಾಕ್ಷಿ. ಅದು ವೈರಸ್, ಬ್ಯಾಕ್ಟೀರಿಯಾ ಅಲ್ಲ, ಆದರೂ ಪಾಠ ಒಂದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಕಂಡಾಗಿನಿಂದ ನಡೆದ ಅಧ್ಯಯನಗಳು ತೋರಿಸಿದ್ದೇನೆಂದರೆ, ದನಗಳು ಹೀಮಾಫೈಸಾಲಿಸ್ ಸ್ಪಿನಿಗೆರಾ ಉಣುಗುಗಳಿಗೆ ಧಾರಾಳವಾಗಿ ರಕ್ತ ಕೊಟ್ಟು ಸಂಖ್ಯೆ ಹೆಚ್ಚಿಸುತ್ತವೆ. ವೈರಸನ್ನು ಕಾಡಿನಲ್ಲಿ ಉಳಿಸಿಕೊಳ್ಳುವ ಕೆಲಸ ಮಾತ್ರ ಅವುಗಳದ್ದಲ್ಲ. ಅಮೆರಿಕದ ಲೈಮ್ ಕಾಯಿಲೆಯಲ್ಲೂ ಇದೇ ಸ್ಥಿತಿ. ಪ್ರಾಯದ ಉಣುಗುಗಳಿಗೆ ಜಿಂಕೆ ಬೇಕೇ ಬೇಕು, ಆದರೆ ಜಿಂಕೆಯ ರಕ್ತ ಕುಡಿದ ಉಣುಗಿಗೆ ಬೊರೇಲಿಯಾ ಅಂಟುವುದಿಲ್ಲ. ಅಂಟಿಸುವುದು ಬಿಳಿಗಾಲಿನ ಸಣ್ಣ ಇಲಿ. ಕ್ಯಾಲಿಫೋರ್ನಿಯದ ಬೇಲಿ ಓತಿಯೊಂದರ ರಕ್ತವಂತೂ ಬೊರೇಲಿಯಾವನ್ನು ಕೊಂದೇ ಬಿಡುತ್ತದೆ. ಅದನ್ನು ಕಚ್ಚಿದ ನಿಂಫ್ ಸೋಂಕಿಲ್ಲದೆ ಹೊರಬರುತ್ತದೆ.

ಹಾಗಾದರೆ ಆಶ್ರಯ ಪ್ರಾಣಿಯನ್ನು ತೋರಿಸುವುದು ಹೇಗೆ? ಒಂದು ದಾರಿ, ಗಿಡಗಳ ಮೇಲೆ ಬಿಳಿ ಬಟ್ಟೆ ಎಳೆದು ಹಸಿದ ನಿಂಫ್‌ಗಳನ್ನು ಹಿಡಿಯುವುದು. ಅದರ ಹೊಟ್ಟೆಯಲ್ಲಿ ಮರಿಯಾಗಿದ್ದಾಗ ಕುಡಿದ ರಕ್ತದ ಚೂರುಪಾರು ಡಿಎನ್ಎ ಉಳಿದಿರುತ್ತದೆ. ಮೈಟೊಕಾಂಡ್ರಿಯದ ಜೀನ್‌ಗಳನ್ನು ಓದಿದರೆ ಆ ರಕ್ತ ಯಾವ ಪ್ರಾಣಿಯದೆಂದು ತಿಳಿಯಬಹುದು. ತಿಂಗಳುಗಟ್ಟಲೆ ಹಳೆಯ ರಕ್ತವಾದ್ದರಿಂದ ಹಲವು ಸಲ ಏನೂ ಸಿಗುವುದಿಲ್ಲ, ಮುಟ್ಟಿದವರ ಕೈಯ ಡಿಎನ್ಎಯೇ ಸಿಕ್ಕಿ ಮನುಷ್ಯನೆಂದು ಉತ್ತರ ಬರುವುದೂ ಉಂಟು. ಕೈಗವಸು ಮರೆಯಬೇಡಿ.

ಎರಡನೆಯದು ಹೆಚ್ಚು ನಂಬಿಕೆಯ ದಾರಿ, ಶ್ರಮವೂ ಹೆಚ್ಚು. ಅರಣ್ಯ ಇಲಾಖೆಯ ಅನುಮತಿ ಪಡೆದು ಇಲಿ, ಸುಂಡಿಲಿ, ಅಳಿಲುಗಳನ್ನು ಬೋನಿನಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟ ಪಂಜರದಲ್ಲಿ ಕೆಲವು ದಿನ ಇರಿಸುತ್ತಾರೆ. ರಕ್ತ ತುಂಬಿದ ಮರಿ ಉಣುಗುಗಳು ಒಂದೊಂದಾಗಿ ನೀರಿಗೆ ಉದುರುತ್ತವೆ. ಕುಂಚದ ತುದಿಯಿಂದ ಅವನ್ನು ಎತ್ತಿ, ತೇವವಿರುವ ಸೀಸೆಯಲ್ಲಿಟ್ಟು, ಪೊರೆ ಬಿಡುವವರೆಗೆ ಕಾಯಬೇಕು. ಪ್ರಾಣಿಯನ್ನು ಹಿಡಿದ ಜಾಗದಲ್ಲೇ ಬಿಟ್ಟುಬರಬೇಕು. ಆಮೇಲೆ ಆ ನಿಂಫ್‌ಗಳನ್ನು ಪರೀಕ್ಷಿಸುತ್ತಾರೆ. ರಕ್ತ ಜೀರ್ಣವಾಗಿ, ಪೊರೆ ಕಳಚಿದ ಮೇಲೂ ಬ್ಯಾಕ್ಟೀರಿಯಾ ಉಳಿದಿದ್ದರೆ ಆ ಪ್ರಾಣಿ ಉಣುಗಿಗೆ ಸೋಂಕು ದಾಟಿಸಬಲ್ಲದು ಎಂದು ಧೈರ್ಯವಾಗಿ ಹೇಳಬಹುದು. ಅಂದಹಾಗೆ, ಮರಿ ಉಣುಗು ಉದುರುವುದನ್ನು ಕಾಯುತ್ತಾ ಕುಳಿತ ರಾತ್ರಿಗಳು ನನ್ನ ವೃತ್ತಿಜೀವನದ ಅತ್ಯಂತ ಸಂತೋಷದ ಹೊತ್ತು. ನಿಮಗೂ ಅಂಥ ಅವಕಾಶ ಸಿಗಲಿ.

ಮೇಲೆ ಹೇಳಿದ ಬೊರೇಲಿಯಾ ಮೇಯೋನಿಯ ವಿಷಯದಲ್ಲಿ ಇದು ಹೇಗೆ ನಡೆಯಿತು ನೋಡಿ: ಮೊದಲು ರೋಗಿಗಳ ರಕ್ತದಲ್ಲಿ, ನಂತರ ಉಣುಗಿನಲ್ಲಿ, 2017ರಲ್ಲಿ ಮಿನೆಸೋಟದ ಬಿಳಿಗಾಲಿನ ಇಲಿ ಮತ್ತು ಕೆಂಪು ಅಳಿಲಿನಲ್ಲಿ ಜೀವಂತ ಬ್ಯಾಕ್ಟೀರಿಯಾ. ಜಪಾನಿನ ಮಿಕುರಾ ದ್ವೀಪದ ನಿಯೋಎರ್ಲಿಕಿಯಾ ಮಿಕುರೆನ್ಸಿಸ್ ಇದಕ್ಕೆ ತಿರುಗುಮುರುಗು. 2004ರಲ್ಲಿ ಮೊದಲು ಕಂಡದ್ದು ಕಾಡಿಲಿಗಳಲ್ಲಿ ಮತ್ತು ಉಣುಗಿನಲ್ಲಿ. ಮನುಷ್ಯರಲ್ಲಿ ಕಾಯಿಲೆಯ ವರದಿ ಬಂದದ್ದು 2010ರಲ್ಲಿ, ಅದೂ ದೂರದ ಸ್ವೀಡನ್ನಿನಲ್ಲಿ. ಬಹಳ ಕಾಲ ಯಾರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಗದ್ದರಿಂದ ಹೆಸರಿನ ಮೊದಲಿಗೆ ಕ್ಯಾಂಡಿಡೇಟಸ್ ಎಂಬ ಪದ ಅಂಟಿಕೊಂಡಿತ್ತು. ಅಭ್ಯರ್ಥಿ, ಇನ್ನೂ ಪೂರ್ಣ ಮಾನ್ಯತೆ ಸಿಗದ್ದು ಎಂದರ್ಥ. ನಿಮ್ಮ ಪ್ರಬಂಧದಲ್ಲಿಯೂ ಆ ವಿನಯ ಇರಲಿ. ‘ಹಸುವಿನ ಮೇಲಿದ್ದ ಉಣುಗಿನಲ್ಲಿ ಈ ಬ್ಯಾಕ್ಟೀರಿಯಾದ ಡಿಎನ್ಎ ಕಂಡುಬಂತು’ ಎಂದು ಬರೆಯಿರಿ. ನಿಮಗೆ ಗೊತ್ತಿರುವುದು ಅಷ್ಟು. ಅದೇನೂ ಸಣ್ಣದಲ್ಲ.

ನಮ್ಮ ತೋಟದ ಪಕ್ಕದ ದೇವರಕಾಡಿನಲ್ಲಿ ಮುಳ್ಳುಹಂದಿಯ ಬಿಲಗಳಿವೆ. ಉಣುಗು ಅಲ್ಲಿಂದಲೇ ಬರುತ್ತದೆ, ಹೊಗೆ ಹಾಕಿ ಹೊಡೆಸಿಬಿಡಿ ಎಂದು ಕೆಲವರು ಹೇಳುತ್ತಾರೆ. ಏನು ಮಾಡಲಿ, ಅಕ್ಕಾ?
*ಗೃಹಿಣಿ, ಕುಟ್ಟ*

ಖಂಡಿತ ಬೇಡ ತಂಗಿ. ಮುಳ್ಳುಹಂದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೊಡೆಸಿದವರೂ ಹೊಡೆದವರೂ ಕೇಸು ಎದುರಿಸಬೇಕಾದೀತು. ದೇವರಕಾಡಿನಲ್ಲಿ ಬೇಟೆ ಸಲ್ಲದೆಂದು ನಮ್ಮ ಹಿರಿಯರು ಕಟ್ಟು ಹಾಕಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಾನೂನು, ಕಟ್ಟಳೆ ಒತ್ತಟ್ಟಿಗಿಟ್ಟರೂ ಇದರಿಂದ ಅಪಾಯವೇ ಹೆಚ್ಚು. ಪ್ರಾಣಿ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಇಳಿದು ಇನ್ನೊಂದು ಬಿಸಿ ಮೈಯನ್ನು ಹುಡುಕುತ್ತವೆ. ಮಂಗ ಸತ್ತು ಬಿದ್ದ ಜಾಗಕ್ಕೆ ಹೋಗಬೇಡಿ ಎಂದು ಆರೋಗ್ಯ ಇಲಾಖೆಯವರು ಸಾರುವುದು ಇದೇ ಕಾರಣಕ್ಕೆ. ಸತ್ತ ಮುಳ್ಳುಹಂದಿಯನ್ನು ಎತ್ತಲು ಬಂದವನ ಕೈಯೇ ಆ ಬಿಸಿ ಮೈ.

ಒಂದು ಪ್ರಾಣಿಯನ್ನು ತೆಗೆದರೆ ಉಣುಗು ಎಷ್ಟಾಗುತ್ತದೆಂದು ಮನೆಯಲ್ಲಿ ಕುಳಿತು ಊಹಿಸಲಾಗದು. ಕ್ಯಾಲಿಫೋರ್ನಿಯದ ಆ ಓತಿಗಳನ್ನು ಕೆಲವು ತಾಕುಗಳಿಂದ ತೆಗೆದು ನೋಡಿದ ಪ್ರಯೋಗದ ವರದಿ 2011ರಲ್ಲಿ ಬಂತು. ರೋಗಾಣು ಕೊಲ್ಲುವ ಓತಿ ಹೋದರೆ ಸೋಂಕು ಹೆಚ್ಚುತ್ತದೆಂಬುದು ಎಲ್ಲರ ನಿರೀಕ್ಷೆ. ಆದದ್ದು ತದ್ವಿರುದ್ಧ. ಬಹುಪಾಲು ಮರಿ ಉಣುಗುಗಳಿಗೆ ಬೇರೆ ಪ್ರಾಣಿಯೇ ಸಿಗದೆ ಮರುವರ್ಷ ನಿಂಫ್‌ಗಳು ಕಡಿಮೆಯಾದವು. ಪಳಗಿದ ವಿಜ್ಞಾನಿಗಳ ಲೆಕ್ಕವೇ ಹೀಗೆ ತಪ್ಪುವಾಗ, ಯಾರೋ ಹೇಳಿದರೆಂದು ಬಿಲಕ್ಕೆ ಹೊಗೆ ಹಾಕುವುದು ಎಷ್ಟರ ಮಟ್ಟಿಗೆ ಸರಿ?

ಮಾಡಬೇಕಾದದ್ದು ಬೇರೆ ಇದೆ. ಮನೆಯ ಸುತ್ತಲಿನ ತರಗೆಲೆ ಗುಡಿಸಿ, ಕಾಲುದಾರಿಯ ಎರಡು ಬದಿಯ ಕಳೆ ಸವರಿ, ದನಗಳನ್ನು ದೇವರಕಾಡಿನೊಳಗೆ ಮೇಯಲು ಬಿಡಬೇಡಿ. ದನಗಳಿಗೆ ಉಣುಗಿನ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ, ಅವರು ಹೇಳಿದ ಅಂತರದಲ್ಲಿ ಹಚ್ಚಿ.

ನಮ್ಮ ನಾಯಿಗೆ ಮೂಗಿನಿಂದ ರಕ್ತ ಬಂತು. ಎರ್ಲಿಕಿಯಾ ಎಂದರು. ಮನೆಯಲ್ಲಿ ಸಣ್ಣ ಮಗುವಿದೆ, ನಾಯಿಯನ್ನು ದೂರ ಬಿಟ್ಟುಬರಬೇಕೇ?
*ಶಿಕ್ಷಕರು, ಸೋಮವಾರಪೇಟೆ*

ಬೇಡ. ಎರ್ಲಿಕಿಯಾ ಕೇನಿಸ್ 1935ರಲ್ಲಿ ಅಲ್ಜೀರಿಯದ ನಾಯಿಗಳಲ್ಲಿ ಮೊದಲು ಕಂಡ ಬ್ಯಾಕ್ಟೀರಿಯಾ, ನಮ್ಮಲ್ಲಿ ಬಹಳ ಸಾಮಾನ್ಯ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುವುದರಿಂದ ಮೂಗಿನಲ್ಲಿ ರಕ್ತ ಬರುತ್ತದೆ. ನಾಯಿಯನ್ನು ಮುಟ್ಟಿದರೆ, ಮುದ್ದಿಸಿದರೆ ಮಗುವಿಗೆ ಅಂಟುವುದಿಲ್ಲ. ಪಶುವೈದ್ಯರು ಬರೆದ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು, ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸದೆ, ಕೊನೆಯವರೆಗೂ ಕೊಡಿ. ನಾಯಿಯ ಕಂದು ಉಣುಗು ಗೂಡಿನ ಗೋಡೆಯ ಬಿರುಕುಗಳಲ್ಲಿ ಅಡಗಿ ಮೊಟ್ಟೆಯಿಡುತ್ತದೆ. ನಾಯಿಯ ಮೈಯನ್ನಷ್ಟೇ ತೊಳೆದು ಗೂಡನ್ನು ಮರೆತರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಅದೇ ಉಣುಗು ರಿಕೆಟ್ಸಿಯಾ ಕೊನೊರಿಯಂಥ ಬೇರೆ ಬ್ಯಾಕ್ಟೀರಿಯಾಗಳನ್ನು ಮನುಷ್ಯರಿಗೆ ದಾಟಿಸಬಲ್ಲದು. ಆದ್ದರಿಂದ ಮಗುವಿನ ಮೈಯನ್ನು, ವಿಶೇಷವಾಗಿ ಕಿವಿಯ ಹಿಂಭಾಗ ಮತ್ತು ಕೂದಲಿನ ಬುಡವನ್ನು ದಿನವೂ ನೋಡಿ.

ಲೈನ್ ಮನೆಯ ಇಬ್ಬರು ಕೆಲಸಗಾರರಿಗೆ ವಾರದಿಂದ ಜ್ವರ, ತಲೆನೋವು. ಒಬ್ಬರ ಸೊಂಟದ ಬಳಿ ಕಪ್ಪು ಹಕ್ಕಳೆ ಕಟ್ಟಿದೆ, ನೋವಿಲ್ಲ ಎನ್ನುತ್ತಾರೆ. ಉಣುಗು ಕಚ್ಚಿದ್ದೇ?
*ಎಸ್ಟೇಟ್ ರೈಟರ್, ಸಿದ್ದಾಪುರ*

ಈ ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೇನೆ. ಇತರರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸಿಗರೇಟಿನಿಂದ ಸುಟ್ಟ ಗಾಯದಂತೆ ಕಾಣುವ, ಸುತ್ತಲೂ ಕೆಂಪಾಗಿ ನಡುವೆ ಕಪ್ಪಾದ, ನೋವಿಲ್ಲದ ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್‌ ಇರಬಹುದೆಂದು ವೈದ್ಯರು ಮೊದಲು ಯೋಚಿಸುತ್ತಾರೆ. ಅದನ್ನು ತರುವುದು ಉಣುಗಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ. ಉಣುಗಿನ ರಿಕೆಟ್ಸಿಯಾಗಳಲ್ಲೂ ಕೆಲವು ಇಂಥದೇ ಹಕ್ಕಳೆ ಮಾಡುತ್ತವೆ. ಸೊಂಟ, ಕಂಕುಳು, ತೊಡೆಸಂದು, ಸ್ತನದ ಕೆಳಭಾಗ ಹೀಗೆ ಬಟ್ಟೆ ಬಿಗಿಯಾಗಿರುವಲ್ಲಿ ಅದು ಅಡಗಿರುತ್ತದೆ. ಕೆಲಸದ ಹೆಣ್ಣುಮಕ್ಕಳು ಸಂಕೋಚದಿಂದ ತೋರಿಸುವುದಿಲ್ಲ, ವೈದ್ಯರು ಕೇಳುವುದಿಲ್ಲ, ಜ್ವರ ಮಾತ್ರ ಏರುತ್ತಲೇ ಹೋಗುತ್ತದೆ. ಇದು ನನಗೆ ತೀರಾ ನೋವು ಕೊಡುವ ವಿಷಯ. ರೈಟರ್ ಹೆಂಡತಿಯರೋ, ಆಶಾ ಕಾರ್ಯಕರ್ತೆಯರೋ ಮರೆಗೆ ಕರೆದು ಒಮ್ಮೆ ಕೇಳಿದರೆ ಒಂದು ಜೀವ ಉಳಿದೀತು.

ಇದರ ಬ್ಯಾಕ್ಟೀರಿಯಾ ಒರಿಯೆಂಟಿಯಾ ಸುಟ್ಸುಗಮುಶಿ. ಇಲಿ, ಸುಂಡಿಲಿಗಳ ಕಿವಿಯಲ್ಲಿ ನುಸಿಮರಿಗಳು ಗುಂಪಾಗಿ ಕಚ್ಚಿಕೊಂಡಿರುತ್ತವಾದರೂ ಬ್ಯಾಕ್ಟೀರಿಯಾವನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡುವುದು ನುಸಿಯೇ, ಮೊಟ್ಟೆಯ ಮೂಲಕ. ಊರಿನ ಆಸ್ಪತ್ರೆಗಳಲ್ಲಿ ಮಾಡುವ ವೈಲ್ ಫೆಲಿಕ್ಸ್ ಪರೀಕ್ಷೆ ಪ್ರೋಟಿಯಸ್ ಎಂಬ ಸಂಬಂಧವಿಲ್ಲದ ಬ್ಯಾಕ್ಟೀರಿಯಾವನ್ನು ಬಳಸುತ್ತದೆ. ಅದು ದಿಕ್ಕು ತೋರಿಸಬಹುದು, ಜಾತಿ ಹೇಳುವುದಿಲ್ಲ. ಒಂದು ಸಮಾಧಾನವೆಂದರೆ, ಸ್ಕ್ರಬ್ ಟೈಫಸ್ ಇರಲಿ, ಉಣುಗಿನ ರಿಕೆಟ್ಸಿಯಾ ಇರಲಿ, ವೈದ್ಯರು ಕೊಡುವ ಮೊದಲ ಔಷಧಿ ಡಾಕ್ಸಿಸೈಕ್ಲಿನ್. ಜಾತಿ ಗೊತ್ತಾಗಲೆಂದು ಚಿಕಿತ್ಸೆ ಕಾಯಬಾರದು. ಬೇಗ ಕೊಟ್ಟರೆ ಜ್ವರ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ.

ಹಾಗಾದರೆ ಮಂಗನ ಕಾಯಿಲೆಗೂ ಅದೇ ಮಾತ್ರೆ ಸಾಕಲ್ಲವೇ?
*ಓದುಗರು, ತಿತಿಮತಿ*

ಸಾಲದು. ಅದು ವೈರಸ್, ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಔಷಧಿಗೆ ಅದು ಬಗ್ಗುವುದಿಲ್ಲ. ಕಾಡಿನಂಚಿನಲ್ಲಿ ಜ್ವರ ಬಂದರೆ ಎರಡೂ ಸಾಧ್ಯತೆಗಳನ್ನು ವೈದ್ಯರೇ ಬೇರ್ಪಡಿಸಬೇಕು. ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲಿ ನುಂಗಬೇಡಿ.

ಡಾಕ್ಟರಮ್ಮ, ನಾನು ಒಂಬತ್ತನೇ ತರಗತಿ. ವಿಜ್ಞಾನ ಪ್ರದರ್ಶನಕ್ಕೆ ಉಣುಗು ಸಂಗ್ರಹ ಮಾಡಬೇಕೆಂದಿದ್ದೇನೆ. ಹೇಗೆ ಇಡಬೇಕು?
*ವಿದ್ಯಾರ್ಥಿನಿ, ಮಡಿಕೇರಿ*

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು ಮಗಳೇ. ಕಾಡಿಗೆ ಹೋಗಬೇಡ, ಬೇಕಾಗಿಯೂ ಇಲ್ಲ. ದೊಡ್ಡವರೊಬ್ಬರು ಜೊತೆಗಿರುವಾಗ ನಿಮ್ಮ ಮನೆಯ ಹಸು, ನಾಯಿಯ ಮೈಮೇಲಿನವನ್ನು ತೆಗೆದರೆ ಸಾಕು. ಕೈಗವಸು ಹಾಕಿಕೊ. ಉಗುರಿನಿಂದ ಒತ್ತಿ ಚಿಟಕ್ಕೆನಿಸುವ ಅಭ್ಯಾಸ ನಮ್ಮೂರಲ್ಲಿ ಎಲ್ಲರಿಗೂ ಇದೆ, ನೀನು ಮಾಡಬೇಡ. ಅದರ ಒಳಗಿನದ್ದು ನಿನ್ನ ಉಗುರುಸಂದಿಗೆ ಹೋಗುತ್ತದೆ.

ಸಣ್ಣ ಸೀಸೆಯಲ್ಲಿ ಶೇಕಡ 70ರ ಆಲ್ಕೊಹಾಲ್ ಹಾಕಿ ಅದರಲ್ಲಿಡು. ಶಾಲೆಯ ಪ್ರಯೋಗಾಲಯದಲ್ಲಿರುವ ಫಾರ್ಮಾಲಿನ್ ಬೇಡ. ಅದು ಡಿಎನ್ಎ ಕೆಡಿಸುತ್ತದೆ, ಮುಂದೆ ಯಾರಾದರೂ ಆ ಉಣುಗನ್ನು ಪರೀಕ್ಷಿಸಬೇಕೆಂದರೆ ಕೈಗೆ ಏನೂ ಸಿಗುವುದಿಲ್ಲ. ಒಂದು ಪ್ರಾಣಿಗೆ ಒಂದೇ ಸೀಸೆ. ದಪ್ಪ ಕಾಗದದ ಚೂರಿನ ಮೇಲೆ ಪ್ರಾಣಿ, ಊರು, ದಿನಾಂಕ, ಮೈಯ ಯಾವ ಭಾಗ ಎಂದು ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕು. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಹೋಗುತ್ತದೆ. ಚೀಟಿ ಇಲ್ಲದ ಉಣುಗಿಗೆ ವಿಜ್ಞಾನದಲ್ಲಿ ಬೆಲೆಯಿಲ್ಲ. ಮಂಗನ ಕಾಯಿಲೆಯ ಹುಡುಕಾಟದ ದಿನಗಳಲ್ಲಿ ಹೀಗೆ ಜೋಪಾನವಾಗಿ ಚೀಟಿ ಬರೆದಿಟ್ಟ ಸಂಗ್ರಹಗಳಿಂದಲೇ 1964ರಲ್ಲಿ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂಬ ಹೊಸ ಉಣುಗಿನ ಜಾತಿಗೆ ನಮ್ಮ ಮಲೆನಾಡಿನ ಊರಿನ ಹೆಸರು ಬಂತು.

ಭೂತಗನ್ನಡಿಯಲ್ಲಿ ನೋಡುವಾಗ ಮೊದಲು ಕಾಲು ಎಣಿಸು. ಆರಿದ್ದರೆ ಮರಿ, ಎಂಟಿದ್ದರೆ ನಿಂಫ್ ಅಥವಾ ಪ್ರಾಯದ್ದು. ಬೆನ್ನಿನ ಮೇಲೆ ಗಟ್ಟಿಯಾದ ಫಲಕವಿರುತ್ತದೆ. ಗಂಡಿನಲ್ಲಿ ಅದು ಬೆನ್ನನ್ನೆಲ್ಲ ಮುಚ್ಚುತ್ತದೆ, ಹೆಣ್ಣಿನಲ್ಲಿ ತಲೆಯ ಹಿಂದೆ ಸ್ವಲ್ಪವೇ ಇರುತ್ತದೆ, ಹಾಗಾಗಿ ಅವಳ ಹೊಟ್ಟೆ ರಕ್ತ ತುಂಬಿ ಹಿಗ್ಗಬಲ್ಲದು. ಮುಂಗಾಲುಗಳ ತುದಿಯ ಹತ್ತಿರ ಒಂದು ಪುಟ್ಟ ಗುಳಿ ಕಂಡರೆ ನಿನಗೆ ಒಳ್ಳೆಯ ಭೂತಗನ್ನಡಿ ಸಿಕ್ಕಿದೆ ಎಂದರ್ಥ. ಹಾಲರ್ ಅಂಗ ಎಂದು ಅದರ ಹೆಸರು. ನೀನು ಹತ್ತಿರ ಬಂದದ್ದು, ನಿನ್ನ ಉಸಿರು, ಮೈಬಿಸಿ, ಎಲ್ಲವನ್ನೂ ಉಣುಗು ತಿಳಿಯುವುದು ಆ ಗುಳಿಯಿಂದ.

ಕಚ್ಚಿದ ಉಣುಗಿಗೆ ಸುಣ್ಣ ಹಚ್ಚಬೇಕೋ, ಸೀಮೆಎಣ್ಣೆಯೋ?
*ಓದುಗರು, ಭಾಗಮಂಡಲ*

ಎರಡೂ ಬೇಡ, ಹೊಗೆಸೊಪ್ಪಿನ ರಸವೂ ಬೇಡ, ಬೆಂಕಿಕಡ್ಡಿಯಂತೂ ಬೇಡವೇ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆಯನ್ನು ಹಿಸುಕಬೇಡಿ. ಕಚ್ಚಿದ ಜಾಗವನ್ನು ಸಾಬೂನಿನಿಂದ ತೊಳೆಯಿರಿ. ಉಣುಗನ್ನು ಮೇಲೆ ಆ ಹುಡುಗಿಗೆ ಹೇಳಿದ ಹಾಗೆ ಸೀಸೆಯಲ್ಲಿಟ್ಟು, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದುಕೊಳ್ಳಿ. ಎರಡು ಮೂರು ವಾರದೊಳಗೆ ಜ್ವರ ಬಂದರೆ ಸೀಸೆಯನ್ನೂ ಕ್ಯಾಲೆಂಡರಿನ ದಿನಾಂಕವನ್ನೂ ವೈದ್ಯರಿಗೆ ತೋರಿಸಿ.